ಜನಗಣತಿಯಲ್ಲಿ ಕಿಲೋಮೀಟರ್ ಕೇಳಿದ್ದು ಸಾಕು, ಹೊತ್ತು ಕೇಳಿ: ಕೋಲಾರದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಾನು ಕೆಜಿಎಫ್‌ನವನು. ಬೆಂಗಳೂರಿನ ಮಹದೇವಪುರದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಸೈರನ್ ಕೂಗುವ ಹೊತ್ತಿಗೆ ಟೀ ಕುಡಿಯುತ್ತಾ ಕೂತಿರುತ್ತಿದ್ದರಂತೆ, ಗಣಿ ಅಷ್ಟು ಹತ್ತಿರ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಂದ ಈಚೆಗೆ ನಮ್ಮ ಊರಿಗೆ ಗಣಿ ಅಂದರೆ ಬೆಂಗಳೂರೇ.

ರೈಲಿನಲ್ಲಿ ನಮ್ಮ ಕೆಜಿಎಫ್‌ನ ಮಾರಿಕುಪ್ಪಂ ಸ್ಟೇಷನ್ನಿನಿಂದ ಬಂಗಾರಪೇಟೆಗೆ 16 ಕಿಲೋಮೀಟರ್, ಅಲ್ಲಿಂದ ಬೆಂಗಳೂರಿಗೆ 70. ನಾನು ಕೆ.ಆರ್. ಪುರಂನಲ್ಲಿ ಇಳಿದು ಶೇರ್ ಆಟೋ ಹತ್ತುತ್ತೇನೆ. ಮನೆ ಬಿಟ್ಟಾಗ ಬೆಳಿಗ್ಗೆ ಐದು, ಮನೆ ಸೇರಿದಾಗ ರಾತ್ರಿ ಒಂಬತ್ತು. ಊಟದ ಬಿಡುವೂ ಸೇರಿ ಕೆಲಸ ಒಂಬತ್ತು ಗಂಟೆ. ಮಿಕ್ಕ ಏಳು ಗಂಟೆ ದಾರಿಯದ್ದು, ಕಾಯುವುದೂ ಸೇರಿ. ಗೇಟಿಗೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಯಿತು.

ಸಂಜೆ ರೈಲಿನಲ್ಲಿ ನನ್ನ ಎದುರಿಗೆ ಒಬ್ಬ ಅಕ್ಕ ಕೂರುತ್ತಾರೆ. ಆಫೀಸೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ. ಸೀಟು ಸಿಕ್ಕ ತಕ್ಷಣ ಮಡಿಲ ಮೇಲೆ ಪೇಪರ್ ಹಾಸಿ ಹುರುಳಿಕಾಯಿ ನಾರು ತೆಗೆಯಲು ಶುರು. ಮಾಲೂರು ದಾಟುವಾಗ ಹುರುಳಿಕಾಯಿ ಮುಗಿದಿರುತ್ತೆ, ಟೇಕಲ್ ಹೊತ್ತಿಗೆ ಬೆಳ್ಳುಳ್ಳಿ. ಸೀಟು ಸಿಗದ ದಿನ ಅವರ ಮನೇಲಿ ಸಾರು ಲೇಟು. ಅವರ ಅಡುಗೆಮನೆಯ ಅರ್ಧ ಆ ಬೋಗಿಯಲ್ಲೇ ಇದೆ ಅನ್ನಿ.

ಈಗ ವಿಷಯಕ್ಕೆ ಬರುತ್ತೇನೆ. 2011ರ ಜನಗಣತಿಯಲ್ಲಿ, ವ್ಯವಸಾಯ ಮತ್ತು ಮನೆ ಕೈಗಾರಿಕೆ ಬಿಟ್ಟು ಬೇರೆ ಕೆಲಸ ಮಾಡುವವರಿಗೆ ಎರಡು ಪ್ರಶ್ನೆ ಇದ್ದವು: ಕೆಲಸದ ಜಾಗ ಎಷ್ಟು ಕಿಲೋಮೀಟರ್, ಯಾವುದರಲ್ಲಿ ಹೋಗುತ್ತೀರಿ. ಎಷ್ಟು ಹೊತ್ತು ಹಿಡಿಯುತ್ತೆ ಅಂತ ಇರಲಿಲ್ಲ. ಎಣಿಕೆಯವರು ಬಂದಾಗ ನಾನು ಮನೆಯಲ್ಲಿ ಇರಲಿಲ್ಲ, ಅಮ್ಮ ಉತ್ತರ ಕೊಟ್ಟರು. "ದೂರ ಎಷ್ಟೋ ನನಗೆ ಗೊತ್ತಿಲ್ಲಪ್ಪ, ಕತ್ತಲಲ್ಲಿ ಹೋಗ್ತಾನೆ, ಕತ್ತಲಲ್ಲಿ ಬರ್ತಾನೆ." ಅದನ್ನು ಬರೆದುಕೊಳ್ಳಲು ಅವರ ಫಾರಂನಲ್ಲಿ ಜಾಗ ಇರಲಿಲ್ಲ. ಪಕ್ಕದ ಮನೆಯವರನ್ನು ಕೇಳಿ ಒಂದು ದೂರ ಬರೆದುಕೊಂಡು ಹೋದರಂತೆ.

ದೂರ ಗೊತ್ತಾದರೆ ಹೊತ್ತೂ ಗೊತ್ತಾಗುತ್ತೆ ಅಂತ ಯಾರಾದರೂ ನಿಮಗೆ ಹೇಳಬಹುದು. ಕೆ.ಆರ್. ಪುರಂನಿಂದ ಸಿಲ್ಕ್ ಬೋರ್ಡ್‌ಗೆ 20 ಕಿಲೋಮೀಟರ್ ಒಳಗೇ. ಮಳೆ ಬಂದ ಸಂಜೆ ಅಲ್ಲಿ ಬಸ್ಸಿನಲ್ಲಿ ನಿಂತವರನ್ನು ಕೇಳಿ ನೋಡಿ.

ಇನ್ನೊಂದು ತಮಾಷೆ. ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಅಪಘಾತವಾದರೆ, ಕೆಲಸಕ್ಕೂ ಅದಕ್ಕೂ ಸಂಬಂಧ ಇದ್ದರೆ, ಕೆಲಸದಲ್ಲೇ ಆದ ಹಾಗೆ ಲೆಕ್ಕ. ಒಳ್ಳೆಯ ಕಾನೂನು. ಆದರೆ ಕಾಲು ಮುರಿದರೆ ಮಾತ್ರ ದಾರಿಯೂ ಕೆಲಸ. ಕಾಲು ಗಟ್ಟಿಯಿದ್ದರೆ ಆ ಏಳು ಗಂಟೆ ಯಾರ ಲೆಕ್ಕಕ್ಕೂ ಇಲ್ಲ, ಅಲ್ವಾ?

ಒಂದು ದಿನ ನಮ್ಮ ಜೊತೆ ರೈಲಿನಲ್ಲಿ ಬನ್ನಿ ಅಂತ ನಾನು ಕರೆಯುವುದಿಲ್ಲ. ನೀವು ಬಂದ ದಿನ ರೈಲು ಟೈಮಿಗೆ ಸರಿಯಾಗಿ ಹೋಗುತ್ತೆ, ಸುಮ್ನೆ ನಿಮಗೆ ತಪ್ಪು ಲೆಕ್ಕ ಸಿಗುತ್ತೆ. ಹೊಸ ರೈಲು, ಜಾಸ್ತಿ ಬೋಗಿ ಎಲ್ಲ ಬೇಕು ನಿಜ. ಅದನ್ನು ಕೇಳಿದಾಗಲೆಲ್ಲ ಅಂಕಿ ಅಂಶ ಎಲ್ಲಿ ಅನ್ನುತ್ತಾರೆ. ಹೊತ್ತಿನ ಪ್ರಶ್ನೆಯನ್ನೇ ಕೇಳದೆ ಅಂಕಿ ಎಲ್ಲಿಂದ ಬರಬೇಕು?

2027ರ ಫೆಬ್ರುವರಿಯಲ್ಲಿ ದೇಶದ ಜನರ ಎಣಿಕೆ. ಅದು ಗೃಹ ಸಚಿವಾಲಯದ ಕೆಳಗೆ ಬರುತ್ತೆ. ನೀವು ಅವರಿಗೊಂದು ಪತ್ರ ಬರೆಯಿರಿ, ಲೋಕಸಭೆಯಲ್ಲೂ ಎತ್ತಿ. ದೊಡ್ಡ ಪ್ರಶ್ನೆ ಏನೂ ಬೇಡ. "ಮನೆ ಎಷ್ಟು ಗಂಟೆಗೆ ಬಿಡುತ್ತೀರಿ? ಎಷ್ಟು ಗಂಟೆಗೆ ಕೆಲಸದ ಜಾಗ ಸೇರುತ್ತೀರಿ?" ಇಷ್ಟೇ.

ಹಾಗೇ ಎಣಿಕೆಯವರಿಗೆ ಹೇಳಿ, ನಮ್ಮ ಬೀದಿಗೆ ಭಾನುವಾರ ಬರಲಿ. ಇಲ್ಲವಾದರೆ ರಾತ್ರಿ ಒಂಬತ್ತರ ಮೇಲೆ. ಹಗಲು ಬಂದರೆ ಈ ಸಲವೂ ಅಮ್ಮನೇ ಸಿಗುವುದು.

ಇಂತಿ,
ಒಬ್ಬ ಸೀಸನ್ ಪಾಸಿನವನು