ಎರಡು ಹೆಸರುಗಳ ನಡುವಿನ ಕೊಂಡಿ

ಚಿ. ಕುಮಾರಿ ಸ್ಮಿತಾಳಿಗೆ ಮಾವನ ಆಶೀರ್ವಾದಗಳು.

ಹಳೆಯ ರೂಢಿಯಲ್ಲಿ ಲಕೋಟೆಯ ಮೇಲೆ, ಗಂಡುಮಕ್ಕಳಿಗೆ ಹಾಕುವಂತೆ, 'ಚಿ. ರಾ.' ಎಂದು ಬರೆದುಬಿಟ್ಟಿದ್ದೆ. ಹೊಡೆದುಹಾಕಿದ ಲಕೋಟೆಯಲ್ಲಿ ನಿನಗೆ ಕಾಗದ ಕಳಿಸಲು ಮನಸ್ಸು ಬರಲಿಲ್ಲ, ಹೊಸದೊಂದನ್ನು ತೆಗೆದುಕೊಂಡೆ. ನಿನ್ನೊಡನೆ ನೇರವಾಗಿ ಮಾತನಾಡುವಾಗ ಕನ್ನಡ ನನ್ನನ್ನು ಎಂದೂ ಪೇಚಿಗೆ ಸಿಲುಕಿಸಿಲ್ಲ. 'ನೀನು ಬಂದೆ, ನೀನು ಹೋದೆ' ಎನ್ನುವಲ್ಲಿ ಗಂಡು ಹೆಣ್ಣಿನ ಗುರುತೇ ಇಲ್ಲ. ನಿನ್ನ ಅಮ್ಮನ ಹತ್ತಿರ ನಿನ್ನ ಸುದ್ದಿ ಎತ್ತಿದಾಗ ಮಾತ್ರ 'ಬಂದನು', 'ಬಂದಳು' ನಡುವೆ ನಾಲಿಗೆ ತಡವರಿಸುತ್ತಿತ್ತು. ಈಗ ಅದೂ ಹೋಗಿದೆ. ಅಕ್ಕ ಇನ್ನೂ ಆಗೀಗ ತಪ್ಪುತ್ತಾಳೆ, ತಪ್ಪಿದ ಕೂಡಲೇ ತಾನೇ ತಿದ್ದಿಕೊಳ್ಳುತ್ತಾಳೆ.

ದಾಖಲೆಗಳಲ್ಲಿ ಹೆಸರು ಮತ್ತು ಲಿಂಗ ಬದಲಿಸಬೇಕು, ಎಲ್ಲಿಂದ ಪ್ರಾರಂಭಿಸಲಿ ಎಂದು ಕೇಳಿದ್ದೀಯೆ. 31 ವರ್ಷ ದಾಖಲೆ ವಿಭಾಗದ ಕಿಟಕಿಯ ಒಳಬದಿಯಲ್ಲಿ ಕುಳಿತವನು ನಾನು. ಹೊರಬದಿಯಲ್ಲಿ ನಿಂತವರಿಗೆ ಕಾಣದ ಒಂದು ಸಂಗತಿಯಿಂದಲೇ ಪ್ರಾರಂಭಿಸುತ್ತೇನೆ. ಕಿಟಕಿಯ ಹಿಂದಿನ ಗುಮಾಸ್ತ ನಿನ್ನನ್ನು ದ್ವೇಷಿಸುವುದಕ್ಕಿಂತ ಹೆಚ್ಚಾಗಿ ಲೆಕ್ಕ ತಪಾಸಣೆಗೆ ಹೆದರುತ್ತಾನೆ. ನಾಳೆ ಮೇಲಧಿಕಾರಿ ಕಡತ ತೆರೆದು 'ಈ ಬದಲಾವಣೆಯನ್ನು ಯಾವ ಆಧಾರದ ಮೇಲೆ ಮಾಡಿದೆ?' ಎಂದು ಕೇಳಿದರೆ ತೋರಿಸಲು ಅವನಿಗೆ ಒಂದು ಕಾಗದ ಬೇಕು. ಅದಕ್ಕೊಂದು ಸಂಖ್ಯೆ, ತಾರೀಖು, ಮೊಹರು ಇರಬೇಕು. ನೀನು ಯಾರು, ಬಾಲ್ಯದಿಂದ ಏನು ಅನುಭವಿಸಿದೆ ಎಂಬುದನ್ನು ಅವನಿಗೆ ವಿವರಿಸಬೇಕಾಗಿಲ್ಲ. ವಿವರಿಸಿದರೂ ಅವನು ಅದನ್ನು ಕಡತದಲ್ಲಿ ಹಾಕಲಾರ.

ಹಾಗೆಂದು ಕಿಟಕಿಯ ಒಳಗಿರುವವರೆಲ್ಲ ಪಾಪದವರು ಎಂದುಕೊಳ್ಳಬೇಡ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸು ಬಂದು ದಾಖಲೆಯೊಂದರ ನಕಲು ಕೇಳಿದರು. ದಾಖಲೆಯಲ್ಲಿದ್ದದ್ದು ಗಂಡಿನ ಹೆಸರು. ಹಿಂದೆ ಉದ್ದನೆಯ ಸಾಲು. ನಾನು ಎಲ್ಲರಿಗೂ ಕೇಳುವಂತೆ 'ನಿಮ್ಮ ನಿಜವಾದ ಹೆಸರು ಯಾವುದು?' ಎಂದೆ. ಅವರು ಉತ್ತರ ಕೊಡಲಿಲ್ಲ. ಕಾಗದಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು, ಮತ್ತೆ ಬರಲಿಲ್ಲ. ನಕಲು ಕೊಡಲು ಆ ಪ್ರಶ್ನೆಯ ಅಗತ್ಯವೇ ಇರಲಿಲ್ಲ, ನೋಂದಣಿ ಸಂಖ್ಯೆ ಸಾಕಾಗಿತ್ತು. ನೀನು ಮನೆಯಲ್ಲಿ ನಿನ್ನ ವಿಷಯ ಹೇಳಿದ ರಾತ್ರಿ ನನಗೆ ನೆನಪಾದದ್ದು ಆ ಚೀಲ. ಈ ಪತ್ರ ಇಷ್ಟು ಉದ್ದವಾಗಲು ಅದೂ ಒಂದು ಕಾರಣವಿರಬಹುದು.

ನಿನಗೂ ಯಾರಾದರೂ ಆ ಪ್ರಶ್ನೆ ಕೇಳಬಹುದು. ವಾದಕ್ಕೆ ಇಳಿಯಬೇಡ. 'ಕಾನೂನಿನಂತೆ ಈಗಿನ ಹೆಸರು ಇದು, ಹಿಂದಿನದು ಅದು, ಎರಡನ್ನೂ ಜೋಡಿಸುವ ಆದೇಶ ಇಲ್ಲಿದೆ' ಎಂದು ಕಾಗದವನ್ನು ಮುಂದಿಡು. ದನಿ ಏರಿಸಿದರೆ ಪ್ರತ್ಯೇಕವಾಗಿ ಮಾತನಾಡಬೇಕೆಂದು ಕೇಳು. ಕೊಟ್ಟ ಪ್ರತಿಯೊಂದು ಅರ್ಜಿಗೂ ಸ್ವೀಕೃತಿ ಪಡೆ. ಆಗುವುದಿಲ್ಲ ಎಂದರೆ ಯಾವ ನಿಯಮದ ಪ್ರಕಾರ ಆಗುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೇಳು. ಬಾಯಲ್ಲಿ 'ಇಲ್ಲ' ಎನ್ನುವುದು ಬಹಳ ಸುಲಭ. ಬರೆದುಕೊಡಬೇಕು ಎಂದ ಕೂಡಲೇ ನಮ್ಮವರಲ್ಲಿ ಅರ್ಧದಷ್ಟು ಜನ ನಿಯಮದ ಪುಸ್ತಕ ಹುಡುಕತೊಡಗುತ್ತಿದ್ದರು.

ಆ ಜೋಡಿಸುವ ಕಾಗದವೇ ಇಡೀ ಕೆಲಸದ ಜೀವಾಳ. ಕೆಲವು ದೇಶಗಳಲ್ಲಿ ಅದು ನ್ಯಾಯಾಲಯದ ಆದೇಶ, ಕೆಲವೆಡೆ ಜಿಲ್ಲಾ ಆಡಳಿತದ ಗುರುತಿನ ಪ್ರಮಾಣಪತ್ರ, ಇನ್ನು ಕೆಲವೆಡೆ ತಿದ್ದಿದ ಜನನ ಪ್ರಮಾಣಪತ್ರ. ಹೆಸರಿಗೆ ಒಂದು ಕ್ರಮ, ಲಿಂಗಕ್ಕೆ ಇನ್ನೊಂದು ಕ್ರಮ ಎಂದು ಬೇರೆ ಬೇರೆ ಇರುವ ದೇಶಗಳೂ ಇವೆ. ಒಂದು ಮುಗಿದರೆ ಎರಡೂ ಮುಗಿಯಿತೆಂದು ತಿಳಿಯಬೇಡ. ನೀನು ಹಳೆಯ ಹೆಸರನ್ನು ಅಳಿಸಲು ಹೊರಟಿರುವೆ ಎಂದು ನನಗೆ ಗೊತ್ತು. ಕಡತಕ್ಕೆ ಮಾತ್ರ ಅಳಿಸಿದ ಕಾಗದದಿಂದ ಪ್ರಯೋಜನವಿಲ್ಲ. ಆ ಹೆಸರಿನಲ್ಲಿ ಪರೀಕ್ಷೆ ಪಾಸಾದವಳು, ಉಳಿತಾಯ ಮಾಡಿದವಳು ಈ ಹೆಸರಿನ ನೀನೇ ಎಂದು ಹೇಳುವ ಕೊಂಡಿ ಬೇಕು. ಕೊಂಡಿ ಕಳೆದುಹೋದರೆ ನಿನ್ನ ದುಡ್ಡು, ನಿನ್ನ ಪದವಿ ಯಾರೋ ಬೇರೆ ಹುಡುಗನ ಪಾಲಾಗುತ್ತವೆ. ಅದರ ದೃಢೀಕೃತ ಪ್ರತಿಗಳನ್ನು ಒಂದಲ್ಲ, ಹತ್ತು ತೆಗೆದಿಡು. ಮೂಲ ಪ್ರತಿಯನ್ನು ಯಾರ ಕೈಗೂ ಬಿಟ್ಟು ಬರಬೇಡ.

ಆದ್ದರಿಂದ ಮೊದಲು ಕೊಂಡಿ, ಆಮೇಲೆ ಗುರುತಿನ ಚೀಟಿ, ಅದನ್ನು ಹಿಡಿದು ಬ್ಯಾಂಕು, ತೆರಿಗೆ, ಪಾಸ್‌ಪೋರ್ಟ್, ಉದ್ಯೋಗದ ಕಡತ. ಸುಲಭವೆಂದು ಬ್ಯಾಂಕಿನಿಂದ ಪ್ರಾರಂಭಿಸಿದರೆ ಅರ್ಧ ದಾರಿಯಲ್ಲಿ ಸಂಬಳ ಒಂದು ಹೆಸರಿಗೆ, ಖಾತೆ ಇನ್ನೊಂದು ಹೆಸರಿಗೆ ಆಗಿ ದುಡ್ಡು ಹಿಂದಿರುಗಿ ಹೋಗುತ್ತದೆ. ಅರ್ಧ ಹಳತು ಅರ್ಧ ಹೊಸತು ಇರುವ ಆ ನಡುವಿನ ತಿಂಗಳುಗಳೇ ಕಷ್ಟದವು. ಆ ಅವಧಿಯಲ್ಲಿ ವಿದೇಶ ಪ್ರಯಾಣ ಇಟ್ಟುಕೊಳ್ಳಬೇಡ. ಇಟ್ಟುಕೊಳ್ಳಲೇಬೇಕಾದರೆ ಟಿಕೆಟ್ಟು ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಇರಲಿ, ಮನಸ್ಸಿಗೆ ಕಹಿಯಾದರೂ. ಮೊಬೈಲ್ ಸಂಖ್ಯೆಯನ್ನಂತೂ ಕೆಲಸ ಮುಗಿಯುವ ತನಕ ಬದಲಿಸಲೇಬೇಡ, ಪ್ರತಿಯೊಂದು ಖಾತೆಯ ಬೀಗದ ಕೈ ಅದರಲ್ಲಿದೆ.

ಎಲ್ಲರೂ ಮರೆಯುವುದು ಸಹಿ. ಹೊಸ ಹೆಸರಿಗೆ ಹೊಸ ಸಹಿ ಬೇಕಲ್ಲವೇ? ಮನೆಯಲ್ಲಿ ಕುಳಿತು ನಾಲ್ಕು ಹಾಳೆ ತುಂಬ ಹಾಕಿ ಕೈ ಕೂರುವ ತನಕ ಎಲ್ಲಿಯೂ ಬಳಸಬೇಡ. ಬ್ಯಾಂಕಿನಲ್ಲಿ ಹೆಸರು ತಿದ್ದಿಸಿದ ದಿನವೇ ಮಾದರಿ ಸಹಿಯನ್ನೂ ಬದಲಿಸು, ಹಳೆಯ ಸಹಿ ಹಾಕಿ ಕೊಟ್ಟ ಚೆಕ್ಕುಗಳು ಹೊರಗೆ ಉಳಿದಿವೆಯೇ ಎಂದು ನೋಡಿಕೊ.

ಕಾನೂನಿನ ಬಗ್ಗೆ ಎರಡು ಮಾತು. ಅನ್ನ ಹುಡುಕಿಕೊಂಡು ಇವತ್ತು ಒಂದು ದೇಶ, ನಾಳೆ ಇನ್ನೊಂದು ದೇಶ ಎನ್ನುವ ಕಾಲದವಳು ನೀನು, ಅದಕ್ಕೇ ಹೇಳುತ್ತೇನೆ. ಈ ವಿಷಯದಲ್ಲಿ ಮೊದಲು ಕಾನೂನು ಮಾಡಿದ ದೇಶ ಸ್ವೀಡನ್, 1972ರಲ್ಲಿ. ಆದರೆ ಸಂತಾನಶಕ್ತಿ ಕಳೆದುಕೊಂಡವರಿಗೆ ಮಾತ್ರ ಹೊಸ ದಾಖಲೆ ಎಂಬ ಷರತ್ತನ್ನು ಅದು 2013ರ ತನಕ ಉಳಿಸಿಕೊಂಡಿತ್ತು. ಒಂದು ಕಾಗದಕ್ಕಾಗಿ ಮನುಷ್ಯರ ಮೈಗೆ ಕತ್ತರಿ ಹಾಕಿದ ಆ ಷರತ್ತಿಗೆ 2018ರಲ್ಲಿ ಪರಿಹಾರವನ್ನೂ ಕೊಡಬೇಕಾಯಿತು. ಜಪಾನಿನ ಸರ್ವೋಚ್ಚ ನ್ಯಾಯಾಲಯ ಅಂಥದೇ ಷರತ್ತನ್ನು ಅಸಾಂವಿಧಾನಿಕ ಎಂದದ್ದು 2023ರ ಅಕ್ಟೋಬರಿನಲ್ಲಿ. ಅರ್ಜೆಂಟೀನಾ 2012ರಲ್ಲೇ ವೈದ್ಯರೂ ಬೇಡ, ನ್ಯಾಯಾಧೀಶರೂ ಬೇಡ, ಅರ್ಜಿದಾರರ ಹೇಳಿಕೆಯೇ ಸಾಕು ಎಂದಿತು. ಭಾರತದ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಜರ್ಮನಿಯಲ್ಲಿ 2024ರ ನವೆಂಬರ್ 1ರಿಂದ ಮೂರು ತಿಂಗಳು ಮೊದಲು ತಿಳಿಸಿ, ನೋಂದಣಿ ಕಚೇರಿಗೆ ಹೋಗಿ ಘೋಷಿಸಿದರೆ ಆಯಿತು. ಬಾಗಿಲು ಹಿಂದಕ್ಕೆ ಮುಚ್ಚಿಕೊಂಡದ್ದೂ ಉಂಟು. ಹಂಗೇರಿ 2020ರಲ್ಲಿ ಜನನದ ಸಮಯದ ಲಿಂಗವನ್ನು ನೋಂದಣಿಯಲ್ಲಿ ಬದಲಿಸುವುದನ್ನೇ ನಿಲ್ಲಿಸಿಬಿಟ್ಟಿತು. ಇದನ್ನೆಲ್ಲ ಹೇಳುವುದು ನಿನ್ನನ್ನು ಹೆದರಿಸಲಲ್ಲ. ನಿನ್ನ ಊರಿನ ನಿಯಮ ಇವತ್ತು ಏನೆಂದು ಇವತ್ತೇ ಓದು, ಸ್ನೇಹಿತರಿಗೆ ಮೂರು ವರ್ಷದ ಹಿಂದೆ ಹೇಗಾಯಿತು ಎಂಬುದನ್ನು ನಂಬಿ ಕೂರಬೇಡ, ಬಾಗಿಲು ತೆರೆದಿರುವಾಗ ಮುಂದೂಡಬೇಡ.

ಹುಟ್ಟಿದ ದೇಶ ಒಂದು, ಪೌರತ್ವದ ದೇಶ ಇನ್ನೊಂದು, ವಾಸದ ದೇಶ ಮತ್ತೊಂದಾದರೆ ಮೂರು ಕಡೆಯ ಕಾಗದಗಳು ಮೂರು ಮಾತನಾಡಬಹುದು. ಜನನದ ದಾಖಲೆಯನ್ನು ಅದು ಇರುವ ಕಡೆಯೇ ತಿದ್ದಬೇಕು, ಪಾಸ್‌ಪೋರ್ಟನ್ನು ಪೌರತ್ವದ ದೇಶವೇ ಕೊಡಬೇಕು. ಒಂದು ದೇಶದ ಆದೇಶವನ್ನು ಇನ್ನೊಂದು ದೇಶದಲ್ಲಿ ತೋರಿಸಲು ಅಪೊಸ್ಟಿಲ್ ಎಂಬ ಮುದ್ರೆ ಕೇಳುತ್ತಾರೆ, 1961ರ ಹೇಗ್ ಒಪ್ಪಂದದಿಂದ ಬಂದದ್ದು. ಅದು ಸಹಿ, ಮೊಹರು ಅಸಲಿಯೆಂದು ಹೇಳುತ್ತದೆ ಅಷ್ಟೆ. ಒಳಗಿನ ವಿಷಯವನ್ನು ಆ ದೇಶ ಒಪ್ಪುತ್ತದೆಂಬ ಭರವಸೆಯಲ್ಲ. ಪಾಸ್‌ಪೋರ್ಟಿನಲ್ಲಿ ಲಿಂಗದ ಜಾಗಕ್ಕೆ ಎಫ್ (ಹೆಣ್ಣು), ಎಂ (ಗಂಡು), ಎಕ್ಸ್ (ಯಾವುದೆಂದು ನಮೂದಿಸದ್ದು) ಎಂಬ ಮೂರು ಅಕ್ಷರಗಳಿಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಲ್ಲಿ ಅವಕಾಶವಿದೆ. ಎಕ್ಸ್ ಕೊಡುವುದೂ ಬಿಡುವುದೂ ಆಯಾ ದೇಶದ ಇಷ್ಟ.

ಅದೇ ಪಾಸ್‌ಪೋರ್ಟಿನ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲುಗಳಿರುತ್ತವೆ, ಸಾಲಿಗೆ 44 ಅಕ್ಷರ, ಹೆಸರಿನ ಪಾಲಿಗೆ 39. ಅಲ್ಲಿ ಕನ್ನಡ ನಡೆಯುವುದಿಲ್ಲ, ರೋಮನ್ ಅಕ್ಷರವೇ ಬೇಕು. ನಿನ್ನ ಹೆಸರಿನ ಫಜೀತಿ ಇರುವುದು ಇಲ್ಲಿಯೇ. ಕನ್ನಡದಲ್ಲಿ ಸ್ಮಿತಾ ಎಂದರೆ ಸ್ಮಿತಾ, ಇಂಗ್ಲಿಷಿನಲ್ಲಿ ಟಿ ಆದ ಮೇಲೆ ಎಚ್ ಹಾಕುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಮೊದಲ ಅರ್ಜಿ ಬರೆಯುವ ಮುಂಚೆಯೇ ಇದನ್ನು ತೀರ್ಮಾನಿಸು. ಇನಿಷಿಯಲ್ ಬಿಡಿಸಿ ಬರೆಯಬೇಕೋ ಬೇಡವೋ ಎಂಬುದನ್ನೂ ಆಗಲೇ ತೀರ್ಮಾನಿಸು. ನಮ್ಮ ತಂದೆಯವರ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಾದದ್ದಕ್ಕೆ ನಾನು, ದಾಖಲೆ ವಿಭಾಗದ ನೌಕರನೇ, ಎರಡು ವರ್ಷ ಅಲೆದಿದ್ದೇನೆ. ಲಿಂಗ ಬದಲಾವಣೆಗೆ ನೂರು ಪ್ರಶ್ನೆ ಕೇಳುವವರು ಕೊನೆಗೆ ನಿನ್ನನ್ನು ತಡೆದು ನಿಲ್ಲಿಸುವುದು ಒಂದು ಎಚ್‌ಗಾಗಿಯೇ ಇರಬಹುದು.

ಶಾಲೆ, ವಿಶ್ವವಿದ್ಯಾಲಯದ ಪತ್ರಗಳು ಹಟಮಾರಿಗಳು. ಕೊಟ್ಟ ದಿನ ಇದ್ದ ಹೆಸರೇ ಇರಬೇಕು ಎಂದು ವಾದಿಸುವ ಸಂಸ್ಥೆಗಳಿವೆ. ಕೇಳುವುದನ್ನು ಬಿಡಬೇಡ. ಸಿಗುವ ತನಕ ಹಳೆಯ ಪದವಿ ಪತ್ರದ ಹಿಂದೆ ಕೊಂಡಿ ಕಾಗದದ ಪ್ರತಿ ಇಟ್ಟು ನಡೆಸು. ಆಸ್ತಿ ಪತ್ರಗಳೂ ಅಷ್ಟೆ, ಹಿಂದಿನ ಕ್ರಯಪತ್ರವನ್ನು ಯಾರೂ ಹೊಸದಾಗಿ ಬರೆದುಕೊಡುವುದಿಲ್ಲ.

ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ಯೋಚಿಸಿ ಹೆಜ್ಜೆ ಇಡು. ರಕ್ತದ ಹಿಮೋಗ್ಲೋಬಿನ್, ಮೂತ್ರಪಿಂಡದ ಕ್ರಿಯಾಟಿನಿನ್ ಮುಂತಾದವುಗಳ ಸಹಜ ಮಟ್ಟವನ್ನು ಪ್ರಯೋಗಾಲಯ ಗಂಡು ಹೆಣ್ಣಿಗೆ ಬೇರೆ ಬೇರೆಯಾಗಿ ಅಚ್ಚು ಹಾಕುತ್ತದೆ. ಕೆಲವು ತಪಾಸಣೆಗಳ ಕರೆ ಬರುವುದೂ ದಾಖಲೆಯಲ್ಲಿರುವ ಲಿಂಗದ ಆ ಒಂದು ಅಕ್ಷರವನ್ನು ನೋಡಿಯೇ. ಚೀಟಿಯ ಮೇಲೆ 'ಸ್ತ್ರೀ' ಎಂದು ಬರೆಸಿಕೊ, ನಿನ್ನ ವೈದ್ಯರಿಗೆ ಮಾತ್ರ ಪೂರ್ತಿ ವಿಷಯ ಗೊತ್ತಿರಲಿ. ಇಲ್ಲಿ ಸಂಕೋಚ ಮಾಡಿದರೆ ನಷ್ಟ ನಿನ್ನ ಮೈಗೆ.

ವೀಸಾ, ಉದ್ಯೋಗ, ಸಾಲದ ಅರ್ಜಿಗಳಲ್ಲಿ 'ಹಿಂದೆ ಬೇರೆ ಹೆಸರು ಇತ್ತೇ?' ಎಂಬ ಕಲಂ ಇರುತ್ತದೆ. ಕೈ ನಡುಗಿದರೂ ನಿಜವನ್ನೇ ಬರೆ. ಹೆಸರು ಬದಲಿಸಿದ್ದು ತಪ್ಪಲ್ಲ, ಅಲ್ಲಿ 'ಇಲ್ಲ' ಎಂದು ಬರೆದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಬರೆದ ಮಾತ್ರಕ್ಕೆ ಅದು ಊರಿಗೆಲ್ಲ ಹಂಚುವ ಸುದ್ದಿಯೂ ಅಲ್ಲ. ಬ್ರಿಟನ್ನಿನ 2004ರ ಕಾನೂನಿನ ಪ್ರಕಾರ, ಅಧಿಕೃತ ಕೆಲಸದಲ್ಲಿ ತಿಳಿದುಕೊಂಡ ಇಂಥ ಮಾಹಿತಿಯನ್ನು ಬಯಲು ಮಾಡುವುದೇ ಅಪರಾಧ, ಕೆಲವು ವಿನಾಯಿತಿಗಳನ್ನು ಬಿಟ್ಟರೆ. ನೀನಿರುವಲ್ಲಿ ಅಂಥ ರಕ್ಷಣೆ ಇದೆಯೇ ಎಂದು ಕೇಳಿ ತಿಳಿದುಕೊ. ಒಂದೇ ವಾರದಲ್ಲಿ ಎಲ್ಲವನ್ನೂ ಮಾಡಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿಯ ನೆರಳಿಗೂ ಹೋಗಬೇಡ. ಅವನು ತಂದುಕೊಟ್ಟ ಒಂದು ನಕಲಿ ಮೊಹರು ನಿನ್ನ ಹತ್ತು ಅಸಲಿ ಕಾಗದಗಳ ಮೇಲೂ ಅನುಮಾನ ಹುಟ್ಟಿಸುತ್ತದೆ.

ಇನ್ನು ನಿನ್ನ ಕೈಯಲ್ಲಿಲ್ಲದ, ನಮ್ಮ ಕೈಯಲ್ಲಿರುವ ಕೆಲಸ. ಅಪ್ಪನ ವಿಮೆ, ಅಮ್ಮನ ಠೇವಣಿ, ಉಯಿಲು, ಎಲ್ಲದರಲ್ಲೂ ನಾಮಿನಿಯಾಗಿ ಇರುವುದು ಹಳೆಯ ಹೆಸರು. ನಾವು ಹೋದ ಮೇಲೆ ಅದನ್ನು ಹಿಡಿದುಕೊಂಡು ನೀನು ಕಿಟಕಿಯ ಮುಂದೆ ನಿಲ್ಲುವಂತಾಗಬಾರದು. ಅಕ್ಕ ಭಾವನಿಗೆ ಹೇಳಿದ್ದೇನೆ, ಒಂದು ಭಾನುವಾರ ಎಲ್ಲವನ್ನೂ ಹರಡಿಕೊಂಡು ಕೂರುತ್ತೇವೆ. ನನ್ನ ಪಿಂಚಣಿಯ ನಾಮನಿರ್ದೇಶನದ ನಮೂನೆಯನ್ನು ಆಗಲೇ ತುಂಬಿದ್ದೇನೆ. 'ಸಂಬಂಧ' ಎಂಬಲ್ಲಿ ಹಿಂದೆ ಸೋದರಳಿಯ ಎಂದಿತ್ತು, ಈಗ ಸೋದರಸೊಸೆ ಎಂದು ಬರೆದಿದ್ದೇನೆ. ಇಂಗ್ಲಿಷ್ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಎಚ್ ಬೇಕೋ ಬೇಡವೋ, ಬೇಗ ತಿಳಿಸು.

ಇಂತಿ,
ನಿನ್ನ ಸೋದರಮಾವ