ನಕಾಶೆಯಲ್ಲಿರುವ ಹೊಳೆದಂಡೆಯ ದಾರಿ ಬಿಡಿಸಿಕೊಡಿ

ಸಂಪಾದಕರೇ,

ಹೋದ ಬೇಸಿಗೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಒಂದು ಭಾನುವಾರ ಮ್ಯಾನಿಂಗ್‌ಟ್ರೀ ಸ್ಟೇಶನ್ನಿನಲ್ಲಿ ರೈಲಿಳಿದು ಸ್ಟೂರ್ ಹೊಳೆಯ ದಂಡೆ ಹಿಡಿದು ನಡೆದೆವು. ಮೊದಲು ಫ್ಲ್ಯಾಟ್‌ಫರ್ಡ್, ಅಲ್ಲಿಂದ ಹುಲ್ಲುಗಾವಲು ದಾಟಿ ಡೆಡಮ್ ಊರು, ಊಟ ಮುಗಿಸಿ ಬೇರೆ ದಾರಿಯಿಂದ ಸುತ್ತಿ ಮತ್ತೆ ಅದೇ ಸ್ಟೇಶನ್ನು. 10 ಕಿಲೋಮೀಟರ್‌ಗಿಂತ ಜಾಸ್ತಿಯೇ ಆಯಿತು, ಆದರೂ ದಣಿವು ಗೊತ್ತಾಗಲಿಲ್ಲ.

ಫ್ಲ್ಯಾಟ್‌ಫರ್ಡ್‌ನಲ್ಲಿರುವುದು ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಅವರ ತಂದೆ ನಡೆಸುತ್ತಿದ್ದ ಹಿಟ್ಟಿನ ಗಿರಣಿ. ಕುದುರೆ ಕಟ್ಟಿದ ಚಕ್ಕಡಿ ಹೊಳೆನೀರಲ್ಲಿ ನಿಂತಿರುವ ಅವರ 1821ರ ಚಿತ್ರ ಬಹಳ ಹೆಸರುವಾಸಿ. ಅದರಲ್ಲಿ ಕಾಣುವ ಮನೆ ಈಗಲೂ ಅಲ್ಲೇ ಇದೆ, ಎದುರಿಗೆ ಅದೇ ನೀರು. ಸುಮ್ನೆ ನಿಂತು ನೋಡಿದೆ.

ನನ್ನನ್ನು ಹೆಚ್ಚು ಕಾಡಿದ್ದು ಕಾಲುದಾರಿ. ಹೊಲ, ಗೋಮಾಳದಂಥ ಹುಲ್ಲುಗಾವಲು, ನಡುವೆ ಮೇಯುವ ದನ, ಎಲ್ಲದರ ಮಧ್ಯೆಯೇ ದಾರಿ ಹೋಗುತ್ತದೆ, ಯಾರೂ ತಡೆಯಲಿಲ್ಲ. ತಿರುವಿನಲ್ಲಿ ಗೂಟಕ್ಕೆ ಹಳದಿ ಬಾಣದ ಗುರುತು. ಬೇಲಿ ಬಂದಲ್ಲಿ ಮನುಷ್ಯ ಮಾತ್ರ ತೂರುವ, ದನ ದಾಟಲಾಗದ ಗೇಟು, ನಮ್ಮ ಮಲೆನಾಡಿನ ತಡಬೆ ಇದ್ದ ಹಾಗೆ. ಅಲ್ಲಿನ 1949ರ ಕಾನೂನಿನ ಪ್ರಕಾರ ಇಂಥ ದಾರಿಗಳನ್ನು ನಕಾಶೆಯಲ್ಲಿ ದಾಖಲಿಸಿದ್ದಾರೆ, ಆ ನಕಾಶೆಯೇ ಸಾಕ್ಷಿ. ಹೊಲದ ನಡುವೆ ಹೋಗುವ ಕಾಲುದಾರಿಯನ್ನು ರೈತ ಬಿತ್ತನೆಗೆ ಉಳಬಹುದು, ಆದರೆ 14 ದಿನದೊಳಗೆ ಕನಿಷ್ಠ 1 ಮೀಟರ್ ಅಗಲ ಮತ್ತೆ ಸರಿಮಾಡಿ ಕೊಡಬೇಕು. ಹೊಲದ ಅಂಚಿನ ದಾರಿಯನ್ನು ಉಳುವ ಹಾಗೇ ಇಲ್ಲ.

ನಮ್ಮಲ್ಲೂ 'ನಕಾಶೆ ಕಂಡ ದಾರಿ' ಅಂತ ಇದೆಯಲ್ವಾ? ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಎರಡನ್ನೂ ತೋರಿಸಿರುತ್ತಾರೆ. ವರದಾ ಬಂದು ತುಂಗಭದ್ರೆಯನ್ನು ಸೇರುವ ಗಳಗನಾಥದ ಗಳಗೇಶ್ವರ ಗುಡಿ, ಹರಳಹಳ್ಳಿಯ ಸೋಮೇಶ್ವರ, ಚೌಡಯ್ಯದಾನಪುರದ ಮುಕ್ತೇಶ್ವರ, ಮೂರೂ ತುಂಗಭದ್ರೆಯ ದಂಡೆಯಲ್ಲೇ ಇವೆ. ಇವುಗಳ ನಡುವೆ ಹೊಳೆ ಹಿಡಿದು ನಡೆಯುವುದಕ್ಕಿಂತ ಚೆಂದದ್ದು ಹಾವೇರಿ ಜಿಲ್ಲೆಯಲ್ಲಿ ಇನ್ನೇನಿದೆ ಹೇಳಿ. ಈಗ ಜನ ಕಾರಲ್ಲಿ ಬಂದು ಕೈಮುಗಿದು, ಫೋಟೋ ತೆಗೆದು ವಾಪಸ್ಸಾಗುತ್ತಾರೆ. ಊರಿಗೆ ಬಂದ ಮೇಲೆ ನಾನೂ ಒಂದು ಕಡೆ ನಡೆದು ನೋಡಿದೆ. ಅರ್ಧ ದಾರಿಗೇ ತಂತಿಬೇಲಿ, ಅದನ್ನು ಬಳಸಿ ಹೋಗೋಣ ಎಂದರೆ ಮೈತುಂಬ ಜಾಲಿಮುಳ್ಳು. ಬೇಲಿ ಹಾಕಿದ ರೈತರನ್ನು ನಾನು ಬೈಯುವುದಿಲ್ಲ. ಗೋವಿನಜೋಳ ತುಳಿದು ಹೋಗುವವರೂ ಇರುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದೇ.

ತಹಶೀಲ್ದಾರರು ಈ ಮೂರು ಊರುಗಳ ನಕಾಶೆ ತೆಗೆದು, ರೈತರನ್ನು ಕೂರಿಸಿಕೊಂಡು ಮಾತಾಡಿ, ಹೊಳೆದಂಡೆಯ ಕಾಲುದಾರಿ ಎಲ್ಲೆಲ್ಲಿದೆ ಎಂದು ಅಳೆಸಲಿ. ಇರುವಲ್ಲಿ ಕಲ್ಲು ನೆಟ್ಟು ಬಾಣದ ಗುರುತು ಹಾಕಿಸಲಿ, ಬೇಲಿ ಇದ್ದಲ್ಲಿ ಒಂದು ತಡಬೆ ಮಾಡಿಸಿಕೊಡಲಿ. ಮಳೆಗಾಲದಲ್ಲಿ ಎರೆಮಣ್ಣಲ್ಲಿ ಕಾಲಿಡಲಾಗದು, ಹೊಳೆಯೂ ತುಂಬಿರುತ್ತದೆ. ಹಾಗಾಗಿ ದೀಪಾವಳಿಯಿಂದ ಯುಗಾದಿಯವರೆಗೆ ತೆರೆದಿದ್ದರೂ ಸಾಕು.

— ಒಬ್ಬ ಓದುಗ, ಹಾವೇರಿ