ಘಾಟಿಯಲ್ಲಿ ಕುದಿಯುವ ಹಳೆಯ ಕಾರುಗಳು

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳ ಏರಿನಲ್ಲಿ ಬಾನೆಟ್ ಎತ್ತಿ ನಿಂತ ಹಳೆಯ ಕಾರುಗಳು ಕಾಣಸಿಗುತ್ತವೆ. ಎಂಜಿನ್ ಕಾಯುತ್ತದೆಂದ ಕೂಡಲೇ ಥರ್ಮೋಸ್ಟಾಟ್ (ಶಾಖಕ್ಕೆ ತಕ್ಕಂತೆ ರೇಡಿಯೇಟರಿಗೆ ನೀರು ಬಿಡುವ ಕವಾಟ) ಕಿತ್ತುಹಾಕಿ ಕಳುಹಿಸುವ ಪರಿಪಾಠ ಕೆಲವು ಗ್ಯಾರೇಜುಗಳಲ್ಲಿದೆ. ಇದರಿಂದ ಎಂಜಿನ್ ಸರಿಯಾದ ಶಾಖಕ್ಕೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆಯೇ ಹೊರತು ಮೂಲದೋಷ ಹಾಗೆಯೇ ಉಳಿಯುತ್ತದೆ.

ಊರೊಳಗಿನ ದಟ್ಟಣೆಯಲ್ಲಿ ಮಾತ್ರ ಶಾಖದ ಮುಳ್ಳು ಮೇಲೇರಿ, ಹೆದ್ದಾರಿಯಲ್ಲಿ ಇಳಿಯುವುದಾದರೆ ಫ್ಯಾನ್, ಅದರ ಫ್ಯೂಸ್ ಅಥವಾ ರಿಲೇಯನ್ನು (ಫ್ಯಾನಿಗೆ ವಿದ್ಯುತ್ ಕೊಡುವ ಸ್ವಿಚ್ಚನ್ನು) ಶಂಕಿಸಬೇಕು. ಏರಿನಲ್ಲಿ, ವೇಗದಲ್ಲಿ ಕಾಯುವುದಾದರೆ ರೇಡಿಯೇಟರ್ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಕೂಲಂಟ್ (ಎಂಜಿನ್ ತಣಿಸುವ ದ್ರವ) ಬದಲು ವರ್ಷಗಟ್ಟಲೆ ಬೋರ್‌ವೆಲ್‌ನ ಗಡಸು ನೀರನ್ನೇ ಸುರಿದರೆ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿ ಬಿಳಿಯ ಸುಣ್ಣದ ಪದರ ಗಟ್ಟಿಯಾಗಿ ಕೂರುತ್ತದೆ. ಹೊರಗೆಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತ, ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವನ್ನು ಸೋರದಂತೆ ಮುಚ್ಚುವ ಹಾಳೆ) ಹೋಗಿರಬಹುದು. ಹೆಚ್ಚು ಬೆಲೆಯಿಲ್ಲದ ರೇಡಿಯೇಟರ್ ಮುಚ್ಚಳವನ್ನಂತೂ (ಬಹುಶಃ ಅಗ್ಗವೆಂಬ ಕಾರಣಕ್ಕೇ) ಯಾರೂ ಪರೀಕ್ಷಿಸುವುದಿಲ್ಲ. ಅದರ ರಬ್ಬರ್ ಸವೆದರೆ ಒತ್ತಡ ನಿಲ್ಲದೆ ನೀರು ಬೇಗನೆ ಕುದಿಯುತ್ತದೆ.

ಕಾದ ಎಂಜಿನ್ನಿನ ಈ ಮುಚ್ಚಳವನ್ನು ತಿರುಗಿಸಿದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಈ ಎಚ್ಚರಿಕೆಯ ಫಲಕವನ್ನೂ, ವಾಹನ ತಣ್ಣಗಾಗುವವರೆಗೆ ನಿಲ್ಲಿಸಲು ಸುರಕ್ಷಿತ ಜಾಗವನ್ನೂ ಘಾಟಿಯ ತಿರುವುಗಳಿಗೆ ಮೊದಲೇ ಒದಗಿಸಬೇಕೆಂದು ಹೆದ್ದಾರಿ ಅಧಿಕಾರಿಗಳನ್ನು ವಿನಂತಿಸುತ್ತೇನೆ.

– ಓದುಗ, ಸಕಲೇಶಪುರ